ಗುಳಿಗೆಯ ಡಬ್ಬಿಗೆ ಹತ್ತಿ ತುರುಕಿದವರಿಗೆ

ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರ ಮನಸ್ಸಿನ ಆರೋಗ್ಯದ ಕುರಿತು ಪ್ರಶ್ನೆಗಳನ್ನು ಕಳುಹಿಸಿರೆಂದು ಕೇಳಿದ್ದೆವು. ಮುಂಬಯಿ, ಪುಣೆ, ಗೋವೆಗಳಲ್ಲಿ ನೆಲೆಸಿರುವ ಕನ್ನಡತಿಯರು ಬರೆದ ಪತ್ರಗಳಲ್ಲಿ ನಾಲ್ಕಕ್ಕೆ ನಮ್ಮ ಆಪ್ತ ಸಮಾಲೋಚಕಿ ಇಲ್ಲಿ ಉತ್ತರಿಸಿದ್ದಾರೆ. ಬರೆದವರ ಗುರುತು ಹತ್ತಬಹುದಾದ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ, ತವರು ಉಡುಪಿಯ ಕಡೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಪತಿ ಆರು ವರ್ಷಗಳ ಹಿಂದೆ ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಾಗಲೇ ನನ್ನ ರಕ್ತವನ್ನೂ ಪರೀಕ್ಷಿಸಿ ಎಚ್‌ಐವಿ ಇದೆಯೆಂದರು. ಹನ್ನೆರಡು ವರ್ಷದ ಮಗನಿಗೆ ಇಲ್ಲ. ಡೊಂಬಿವಲಿಯಲ್ಲಿ ಅತ್ತೆ, ಮೈದುನ, ಅವನ ಹೆಂಡತಿಯೊಂದಿಗೆ ಒಂದೇ ಮನೆಯಲ್ಲಿದ್ದೇವೆ. ಅವರಾರಿಗೂ ನನ್ನ ವಿಷಯ ತಿಳಿಯದು. ಡಬ್ಬಿ ಅಲುಗಿದರೆ ಗುಳಿಗೆ ಸದ್ದು ಮಾಡುತ್ತದೆಂದು ಹತ್ತಿ ತುರುಕಿ, ಮೇಲಿನ ಚೀಟಿ ಕಿತ್ತು, ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿಗೆ ಹೋಗಿ ನುಂಗುತ್ತೇನೆ. ಎರಡು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಲೋಕಲ್ ರೈಲಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಅಂಗೈ ಬೆವರಿ, ಪ್ರಾಣವೇ ಹೋಗುತ್ತದೆ ಅನ್ನಿಸುತ್ತದೆ. ಸಣ್ಣ ಮಾತಿಗೂ ಮಗನ ಮೇಲೆ ಕೈಯೆತ್ತುತ್ತೇನೆ. ಚಿಕಿತ್ಸಾ ಕೇಂದ್ರದಲ್ಲಿ ಮಾತ್ರ ನನ್ನನ್ನು ಹೊಗಳುತ್ತಾರೆ, ಒಂದು ದಿನವೂ ಗುಳಿಗೆ ತಪ್ಪಿಸಿಲ್ಲವೆಂದು. ನನಗೆ ಹುಚ್ಚು ಹಿಡಿಯುತ್ತಿದೆಯೇ?

ಉತ್ತರ: ಇಲ್ಲಮ್ಮ, ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ಆರು ವರ್ಷಗಳಿಂದ ನೀವು ಒಬ್ಬರೇ ಎರಡು ಕೆಲಸ ಮಾಡುತ್ತಿದ್ದೀರಿ: ಒಂದು ಚಿಕಿತ್ಸೆ, ಇನ್ನೊಂದು ಅದನ್ನು ಮುಚ್ಚಿಡುವುದು. ಮೊದಲನೆಯದಕ್ಕೆ ದಿನಕ್ಕೆ ಒಂದು ನಿಮಿಷ ಸಾಕು. ಎರಡನೆಯದು ಬೆಳಗ್ಗೆ ಎದ್ದಾಗಿನಿಂದ ಕಣ್ಣು ಮುಚ್ಚುವವರೆಗೂ ನಡೆಯುತ್ತಲೇ ಇರುತ್ತದೆ, ಅದಕ್ಕೆ ಭಾನುವಾರದ ರಜೆಯೂ ಇಲ್ಲ. ಸಮಾಲೋಚನೆಯ ಕೋಣೆಯಲ್ಲಿ ನಾನು ಕಂಡ ಬಹುಪಾಲು ಹೆಂಗಸರನ್ನು ದಣಿಸಿದ್ದು ಈ ಎರಡನೆಯ ಕೆಲಸವೇ. ಡಬ್ಬಿಗೆ ಹತ್ತಿ ತುರುಕುವವರು ನೀವೊಬ್ಬರೇ ಅಲ್ಲ. ಕುಂಕುಮದ ಭರಣಿಯಲ್ಲಿ ಗುಳಿಗೆ ಇಟ್ಟುಕೊಂಡವರನ್ನು, ಕಲ್ಯಾಣದ ಮನೆಯವರು ಯಾರಾದರೂ ಕಂಡಾರೆಂದು ಎರಡು ರೈಲು ಬದಲಿಸಿ ಸಯನ್‌ನ ಆಸ್ಪತ್ರೆಗೆ ಬರುವವರನ್ನು ನಾನು ಬಲ್ಲೆ.

ಗುಳಿಗೆಯ ಲೆಕ್ಕ ಸರಿಯಾಗಿದ್ದರೆ ಕೇಂದ್ರದಲ್ಲಿ ಮುಂದಿನ ಪ್ರಶ್ನೆ ಕೇಳುವವರು ಕಡಿಮೆ. ಸಾಲು ಉದ್ದ ಇರುತ್ತದೆ, ಕೇಳುವವರು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ, ನಮ್ಮವರು ‘ಸಬ್ ಠೀಕ್ ಹೈ’ ಎಂದು ಎದ್ದುಬಿಡುತ್ತಾರೆ. ಬಾಜಾರಿನಲ್ಲಿ ಚೌಕಾಸಿಗೆ ಸಾಕಾಗುವ ಹಿಂದಿ ಎದೆಯ ಸಂಕಟ ಹೇಳಲು ಸಾಲುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಹೋಗುವ ಮೊದಲು, ನನಗೆ ಬರೆದ ಈ ಐದಾರು ಸಾಲುಗಳನ್ನೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ತಡೆಯಲಾಗುತ್ತಿಲ್ಲ ಎಂಬ ಮೂರು ಮಾತುಗಳನ್ನು ಹೇಳದೆ ಕುರ್ಚಿಯಿಂದ ಏಳಬೇಡಿ.

ಮೊದಲು ನಿದ್ದೆಯ ವಿಷಯ. ಈಗ ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ, ದಿನಕ್ಕೊಂದರಂತೆ ನುಂಗುವ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳಿರುತ್ತವೆ. ಇವುಗಳಲ್ಲಿ ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ನಿಮ್ಮದು ಅದೇ ಗುಳಿಗೆಯಾಗಿದ್ದರೆ, ರಾತ್ರಿಯ ಬದಲು ಬೆಳಗಿನ ಹೊತ್ತು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಎಷ್ಟೋ ಮಂದಿಗೆ ಇಷ್ಟರಿಂದಲೇ ನಿದ್ದೆ ಮರಳಿದೆ. ಹಳೆಯ ಎಫಾವಿರೆಂಜ್ ಇರುವ ಗುಳಿಗೆಯಾಗಿದ್ದರೆ ತಲೆಸುತ್ತು, ಕೆಟ್ಟ ಕನಸು, ಖಿನ್ನತೆ ಅದರಿಂದಲೇ ಬರಬಹುದು. ಅದನ್ನೂ ವೈದ್ಯರಿಗೆ ಹೇಳಲೇಬೇಕು. ಆದರೆ ಯಾರನ್ನೂ ಕೇಳದೆ ಗುಳಿಗೆ ನಿಲ್ಲಿಸುವುದು ಬೇಡ. ಇನ್ನೊಂದು ಮಾತು: ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಅಥವಾ ಎದೆಯುರಿಗೆ ಆಂಟಾಸಿಡ್ ತೆಗೆದುಕೊಳ್ಳುತ್ತಿದ್ದರೆ ಅವು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯುತ್ತವೆ. ಎಚ್‌ಐವಿಯ ಗುಳಿಗೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ನುಂಗಬೇಕು. ಡಬ್ಬಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣವಿದ್ದರೆ ಅದನ್ನು ತೆಗೆದು ಎಸೆಯಬೇಡಿ, ಮುಂಬಯಿಯ ಮಳೆಗಾಲಕ್ಕೆ ಅದು ಬೇಕು.

ರೈಲಿನಲ್ಲಿ ಆಗುವುದು ಗಾಬರಿಯ ದಾಳಿಯಂತೆ ತೋರುತ್ತದೆ. ಆದರೂ ಒಮ್ಮೆ ಹೃದಯ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ, ರಕ್ತಹೀನತೆಯಲ್ಲೂ ಥೈರಾಯ್ಡ್ ಏರುಪೇರಿನಲ್ಲೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಅವೆಲ್ಲ ಸರಿಯಿದ್ದರೆ ಇಷ್ಟು ತಿಳಿದಿರಲಿ: ಹುಲಿ ಕಂಡಾಗ ಓಡಲು ಮೈ ಸಿದ್ಧವಾಗುವ ಹಾಗೆ, ಹುಲಿಯಿಲ್ಲದ ಕಡೆಯೂ ಮೈ ಸಿದ್ಧವಾಗಿಬಿಟ್ಟಿದೆ. ಈ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ ತಾನಾಗಿ ಇಳಿಯುತ್ತದೆ, ಅದರಿಂದ ಪ್ರಾಣ ಹೋಗುವುದಿಲ್ಲ. ಅದು ಬಂದಾಗ ಕಂಬವನ್ನು ಗಟ್ಟಿಯಾಗಿ ಹಿಡಿದು, ಲೋಹದ ತಂಪನ್ನು ಅಂಗೈಯಲ್ಲಿ ಗಮನಿಸಿ. ಮನಸ್ಸಿನಲ್ಲೇ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ. ಡೊಂಬಿವಲಿ ಬಿಟ್ಟ ಮೇಲೆ ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಒಂದೊಂದು ನಿಲ್ದಾಣದ ಹೆಸರನ್ನೂ ಬರುವ ಮೊದಲೇ ಹೇಳಿಕೊಂಡು, ಬಂದಾಗ ಕಿಟಕಿಯಾಚೆ ಆ ಫಲಕವನ್ನು ಹುಡುಕಿ. ನನ್ನ ಬಳಿ ಬರುತ್ತಿದ್ದ ಒಬ್ಬ ತಾಯಿ ಮುಂಬ್ರಾ ದಾಟುವಷ್ಟರಲ್ಲಿ ತನಗೆ ಇಳಿದುಬಿಡುತ್ತದೆ ಎನ್ನುತ್ತಿದ್ದರು. ಭಯಕ್ಕೆ ರೈಲನ್ನೇ ಬಿಡಬೇಡಿ. ಬಿಟ್ಟಷ್ಟೂ ಭಯ ಬೆಳೆಯುತ್ತದೆ.

ಇವೆಲ್ಲ ಮೇಲಿನ ಆರೈಕೆ. ಬೇರಿಗೆ ಬರೋಣ. ಈ ಗುಟ್ಟನ್ನು ಆರು ವರ್ಷ ಹೊತ್ತ ನಿಮಗೆ ಅದನ್ನು ಹಂಚಿಕೊಳ್ಳಲು ಒಬ್ಬರು ಬೇಕು. ಇಡೀ ಮನೆಗೆ ಸಾರಿರೆಂದು ನಾನು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ಯಾರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡವರು, ಇನ್ನೊಬ್ಬರ ಕಷ್ಟವನ್ನು ನಿಮ್ಮೆದುರು ಆಡಿಕೊಳ್ಳದವರು ನಿಮ್ಮ ಬಳಗದಲ್ಲಿ ಯಾರಿದ್ದಾರೆ ಯೋಚಿಸಿ. ತವರಿನ ಅಕ್ಕನೋ, ಚಿಕ್ಕಮ್ಮನೋ, ಹಳೆಯ ಗೆಳತಿಯೋ ಆಗಬಹುದು. ಮೊದಲು ನೀರು ಎಷ್ಟು ಆಳವಿದೆ ನೋಡಿ: ‘ನಮ್ಮ ಕಡೆಯ ಒಬ್ಬರಿಗೆ ಈ ಕಾಯಿಲೆ ಇದೆಯಂತೆ’ ಎಂದು ಮಾತು ತೆಗೆದು ಅವರ ಮುಖ ಗಮನಿಸಿ. ‘ಪಾಪ, ಈಗ ಗುಳಿಗೆ ಇದೆಯಂತಲ್ಲ’ ಎನ್ನುವವರಿಗೆ ಇನ್ನೊಂದು ದಿನ ಹೇಳಬಹುದು. ‘ಛೀ’ ಎಂದವರ ಮುಂದೆ ಮಾತು ಅಲ್ಲಿಗೇ ನಿಲ್ಲಲಿ. ಅಂಥವರು ಯಾರೂ ಇಲ್ಲವಾದರೆ, ಎಚ್‌ಐವಿಯೊಂದಿಗೆ ಬದುಕುವ ಮಹಿಳೆಯರೇ ನಡೆಸುವ ಬೆಂಬಲ ಗುಂಪು ಹತ್ತಿರದಲ್ಲಿ ಎಲ್ಲಿದೆಯೆಂದು ಕೇಂದ್ರದಲ್ಲಿ ಕೇಳಿ. ಅಲ್ಲಿ ನೀವು ಏನನ್ನೂ ವಿವರಿಸಬೇಕಾಗುವುದಿಲ್ಲ.

ಅತ್ತೆಮನೆಯವರಿಗೆ ತಿಳಿದರೆ ಹೊರಹಾಕುತ್ತಾರೆಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯು 2017ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನೀವು ವಾಸವಾಗಿರುವ ಕುಟುಂಬದ ಮನೆಯಿಂದ, ಅದರ ಯಾವುದೇ ಭಾಗದಿಂದ, ಎಚ್‌ಐವಿಯ ಕಾರಣಕ್ಕೆ ನಿಮ್ಮನ್ನು ಹೊರಗಿಡುವಂತಿಲ್ಲವೆಂದು ಅದು ಹೇಳುತ್ತದೆ. ನಿಮ್ಮ ಸ್ಥಿತಿಯನ್ನು ಬಹಿರಂಗಪಡಿಸಿರೆಂದು, ನ್ಯಾಯಾಲಯದ ಆದೇಶವಿಲ್ಲದೆ, ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಪತಿಯ ಆಸ್ತಿಯಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಇಲ್ಲದಿದ್ದರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರೇ. ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಅಡುಗೆಮನೆಯ ಮಾತು ಮೃದುವಾಗುವುದಿಲ್ಲ, ನನಗೆ ಗೊತ್ತು. ಆದರೂ ನೀವು ಅವರ ದಯೆಯ ಮೇಲೆ ಆ ಮನೆಯಲ್ಲಿಲ್ಲ ಎಂಬುದು ರಾತ್ರಿ ಎರಡು ಗಂಟೆಗೆ ನೆನಪಾಗಬೇಕಾದ ಮಾತು.

ಮಗನ ವಿಷಯಕ್ಕೆ ನನ್ನ ಅಭಿಪ್ರಾಯ ನೇರವಾಗಿದೆ. ಹೊಡೆದದ್ದಕ್ಕೆ ಅವನ ಬಳಿ ಕ್ಷಮೆ ಕೇಳಿ. ‘ಅಮ್ಮನಿಗೆ ನಿದ್ದೆಯಿಲ್ಲ, ಅದಕ್ಕೆ ಸಿಟ್ಟು ಬಂತು, ನಿನ್ನ ತಪ್ಪಲ್ಲ’ ಎಂದರೆ ಹನ್ನೆರಡರ ಹುಡುಗನಿಗೆ ಅರ್ಥವಾಗುತ್ತದೆ. ಕಾಯಿಲೆಯ ಹೆಸರು ಇಂದೇ ಹೇಳಬೇಕಿಲ್ಲ. ಆದರೆ ಮನೆಯಲ್ಲಿ ಏನೋ ಬಚ್ಚಿಡಲಾಗಿದೆ ಎಂದು ಮಕ್ಕಳಿಗೆ ಬೇಗ ತಿಳಿಯುತ್ತದೆ, ಆ ‘ಏನೋ’ ತನ್ನಿಂದಲೇ ಆದದ್ದೆಂದು ಅವರು ಅಂದುಕೊಳ್ಳುತ್ತಾರೆ.

ಎರಡು ವಾರಗಳಿಗೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಮನೋವೈದ್ಯರ ಚಿಕಿತ್ಸೆಯಿದೆ. ಅವರಿಗೆ ನಿಮ್ಮ ಎಚ್‌ಐವಿ ಗುಳಿಗೆಯ ಹೆಸರನ್ನು ಮುಚ್ಚಿಡದೆ ಹೇಳಿ. ಕಾರ್ಬಮಜೆಪಿನ್‌ನಂಥ ಕೆಲವು ಔಷಧಿಗಳು ಡೊಲುಟೆಗ್ರಾವಿರ್‌ನ ಬಲ ತಗ್ಗಿಸುತ್ತವೆ. ತಿಳಿದರೆ ಅವರು ಬೇರೆಯದನ್ನು ಬರೆಯುತ್ತಾರೆ. ಕನ್ನಡದಲ್ಲೇ ಮಾತನಾಡಬೇಕೆನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದು ಹಗಲಿರುಳೂ ಉಚಿತ. ಕರೆ ಮಾಡಿದಾಗ ಭಾಷೆ ಕನ್ನಡವೆಂದು ಆರಿಸಿಕೊಳ್ಳಿ. ಹೆಸರು ಹೇಳಬೇಕಾಗಿಲ್ಲ.

ಪ್ರಶ್ನೆ: ಚಿಂಚ್‌ವಡದಲ್ಲಿದ್ದೇವೆ. ನನಗೆ 29, ಮದುವೆಯಾಗಿ ನಾಲ್ಕು ವರ್ಷ. ನನಗೆ ಎಚ್‌ಐವಿ ಇದೆ, ಪತಿಗೆ ಇಲ್ಲ. ಅವರಿಗೆ ಎಲ್ಲ ತಿಳಿದೇ ಮದುವೆಯಾದರು. ಎರಡು ವರ್ಷಗಳಿಂದ ನನ್ನ ವೈರಲ್ ಲೋಡ್ ವರದಿಯಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದು ಬರುತ್ತಿದೆ. ಆದರೂ ಅವರು ಹತ್ತಿರ ಬಂದರೆ ನನಗೆ ನಡುಕ, ಅವರ ಬಾಳನ್ನು ಹಾಳುಮಾಡುತ್ತೇನೇನೋ ಎಂದು. ಅತ್ತೆ ಪ್ರತಿ ಹಬ್ಬಕ್ಕೂ ಮಗುವಿನ ಮಾತು ತೆಗೆಯುತ್ತಾರೆ. ಅವರನ್ನು ಬಿಟ್ಟುಬಿಡುವುದೇ ಒಳ್ಳೆಯದೇ?

ಉತ್ತರ: ಬಿಡುವ ಮೊದಲು ಆ ವರದಿಯನ್ನು ಇನ್ನೊಮ್ಮೆ ಓದೋಣ ತಂಗಿ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿದೆ ಎಂದು ಅದು ಹೇಳುತ್ತದೆ. ಆ ಸ್ಥಿತಿ ಹಾಗೆಯೇ ಉಳಿದಿರುವವರಿಂದ ದೇಹಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಇದನ್ನು ನಾನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಯುರೋಪಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನದಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳನ್ನು ಗಮನಿಸಿದ್ದರು. ಕಾಂಡೋಮ್ ಇಲ್ಲದೆ ಸುಮಾರು 58,000 ಬಾರಿ ಕೂಡಿದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ಒಂದೇ ಒಂದು ಸೋಂಕೂ ತಗಲಿರಲಿಲ್ಲ.

ನೀವು ಹೆದರುತ್ತಿರುವುದು ಪರೀಕ್ಷೆ ಮಾಡಿಸಿಕೊಂಡ ದಿನದ ಎಚ್‌ಐವಿಗೆ. ಇಂದಿನ ವರದಿಗೆ ನಿಮ್ಮ ಮನಸ್ಸು ಇನ್ನೂ ಸಹಿ ಹಾಕಿಲ್ಲ. ಈ ನಡುಕ ಓದಿದ ಮಾತ್ರಕ್ಕೆ ಹೋಗುವುದೂ ಇಲ್ಲ. ಇಬ್ಬರೂ ಒಟ್ಟಿಗೆ ಕೇಂದ್ರಕ್ಕೆ ಹೋಗಿ, ಇದೇ ಮಾತನ್ನು ವೈದ್ಯರ ಬಾಯಿಂದ ಅವರ ಎದುರಿಗೇ ಕೇಳಿಸಿಕೊಳ್ಳಿ. ತನಗೆ ಯಾವುದು ಅಪಾಯ, ಯಾವುದಲ್ಲ ಎಂದು ನಿರ್ಧರಿಸುವ ಹಕ್ಕು ಅವರಿಗೂ ಇದೆ. ಎಲ್ಲ ತಿಳಿದೇ ಕೈ ಹಿಡಿದವರನ್ನು ಅವರ ಒಳಿತಿಗೆಂದು ನೀವೊಬ್ಬರೇ ತೀರ್ಮಾನಿಸಿ ಬಿಟ್ಟುಹೋಗುವುದು ಸರಿಯೆಂದು ನನಗೆ ತೋರುವುದಿಲ್ಲ.

ಮಗು ಬೇಕೋ ಬೇಡವೋ ನಿಮ್ಮಿಬ್ಬರ ವಿಚಾರ, ಹಬ್ಬದ ಊಟದ ವಿಚಾರವಲ್ಲ. ಬೇಕೆಂದಾದರೆ, ಬಸಿರಾಗುವ ಮೊದಲೇ ವೈದ್ಯರಿಗೆ ತಿಳಿಸಿ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗುವ ಸಂಭವ ಶೇ. 15ರಿಂದ 45. ಚಿಕಿತ್ಸೆ ಸರಿಯಾಗಿ ನಡೆದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ, ನಿಮ್ಮಂತೆ ಬಸಿರಿಗೆ ಮೊದಲೇ ವೈರಾಣು ತಗ್ಗಿದವರಲ್ಲಿ ಇನ್ನೂ ಕಡಿಮೆ. ಮಗುವಿಗೆ ಹುಟ್ಟಿದೊಡನೆ ಕೆಲವು ವಾರ ಔಷಧಿಯ ಸಿರಪ್ ಕೊಟ್ಟು, ಆರು ವಾರಕ್ಕೆ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ ಮಾಡುತ್ತಾರೆ. ಆ ಹದಿನೆಂಟು ತಿಂಗಳ ಕಾಯುವಿಕೆ ತಾಯಂದಿರನ್ನು ಬಹಳ ಹಿಂಡುತ್ತದೆ. ಅದನ್ನೂ ಈಗಲೇ ಮಾತನಾಡಿಕೊಂಡಿರಿ.

ಪ್ರಶ್ನೆ: ನನಗೆ 46, ಭಾಂಡುಪದಲ್ಲಿ ವಾಸ. ಹದಿಮೂರು ವರ್ಷಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಈಗೀಗ ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಕಾಯಿಲೆ ಮೇಲೆದ್ದಿತೇ ಎಂಬ ಭಯ.

ಉತ್ತರ: ಹದಿಮೂರು ವರ್ಷ ಚಿಕಿತ್ಸೆ ನಡೆಸಿದ ಮೇಲೆ ಮೈಯಲ್ಲಿ ಏನೇ ಆದರೂ ಎಚ್‌ಐವಿಯ ಲೆಕ್ಕಕ್ಕೇ ಹಾಕಿಬಿಡುತ್ತೇವೆ. ನಿಮ್ಮ ವಯಸ್ಸಿನಲ್ಲಿ ಇದು ಮುಟ್ಟು ನಿಲ್ಲುವ ಕಾಲದ ಲಕ್ಷಣವಾಗಿರಬಹುದು. ಮುಟ್ಟಿನ ತಾರೀಖುಗಳನ್ನು ಬರೆದುಕೊಂಡು ಹೋಗಿ ತೋರಿಸಿ. ಆದರೆ ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆಯನ್ನು ತಡಮಾಡದೆ ಮಾಡಿಸಬೇಕು. ವರ್ಷದ ವೈರಲ್ ಲೋಡ್ ಬಾಕಿಯಿದ್ದರೆ ಅದನ್ನೂ ಮಾಡಿಸಿ, ಊಹೆಗಿಂತ ವರದಿ ಮೇಲು. ಹೋದಾಗ ಗರ್ಭಕಂಠದ ಪರೀಕ್ಷೆಯನ್ನೂ ಕೇಳಿ. ಎಚ್‌ಐವಿ ಇರುವ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಂಭವ ಇತರರಿಗಿಂತ ಆರು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲೇ ಕಂಡುಹಿಡಿದರೆ ಅದನ್ನು ತಡೆಯಬಹುದು.

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ವಾಸ್ಕೊ ಹತ್ತಿರದ ಝುವಾರಿನಗರದಲ್ಲಿದ್ದೇವೆ. ನನ್ನ ಅಕ್ಕನಿಗೆ ಎಚ್‌ಐವಿ ಇದೆ. ಕಳೆದ ತಿಂಗಳು ಕೈಗೆ ಪೆಟ್ಟಾಗಿ ಒಂದು ಆಸ್ಪತ್ರೆಗೆ ಹೋದಾಗ, ಅಲ್ಲಿಯವರು ಎಲ್ಲರೆದುರು ಅವಳ ಕಾಯಿಲೆಯ ಹೆಸರು ಕೂಗಿ, ಕೊನೆಯವರೆಗೂ ಹೊರಗೆ ಕೂರಿಸಿದರಂತೆ. ಅಂದಿನಿಂದ ಗುಳಿಗೆ ಬಿಟ್ಟಿದ್ದಾಳೆ. ಸರಿಯಾಗಿ ಉಣ್ಣುವುದಿಲ್ಲ. ‘ನಾನಿದ್ದು ಯಾರಿಗೇನು’ ಎನ್ನುತ್ತಾಳೆ. ನಾನು ಏನು ಮಾಡಲಿ?

ಉತ್ತರ: ಪತ್ರದಲ್ಲಿ ನಿಮ್ಮ ಫೋನ್ ಸಂಖ್ಯೆ ಇದ್ದುದರಿಂದ ಅದು ತಲುಪಿದ ದಿನವೇ ನಿಮ್ಮೊಡನೆ ಮಾತನಾಡಿದ್ದೇನೆ. ಇಂಥ ಮಾತು ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ. ಅಂದು ಹೇಳಿದ್ದನ್ನು, ಬೇರೆ ಮನೆಗಳಲ್ಲಿಯೂ ಬೇಕಾಗಬಹುದೆಂದು, ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

‘ನಾನಿದ್ದು ಯಾರಿಗೇನು’ ಎಂಬ ಮಾತನ್ನು ಬಾಯಿಮಾತೆಂದು ಬಿಡಬಾರದು. ‘ಅಕ್ಕಾ, ಸಾಯಬೇಕು ಅಂತ ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆಂಬ ಹೆದರಿಕೆ ಬೇಡ. ಕೇಳಿದವರು ಒಬ್ಬರಾದರೂ ಇದ್ದಾರೆಂಬುದೇ ಎಷ್ಟೋ ಜನರ ಬಾಯಿ ಬಿಡಿಸಿದೆ. ಹೌದೆಂದರೆ ಉಪದೇಶ ಹೇಳಬಾರದು, ‘ಮಕ್ಕಳ ಮುಖ ನೋಡು’ ಎಂದೂ ಅನ್ನಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಇಲಿಪಾಷಾಣ, ಕೀಟನಾಶಕ, ಉಳಿದ ಗುಳಿಗೆಗಳನ್ನು ಬೇರೆ ಕಡೆ ಸಾಗಿಸಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು. ಗೋವೆಯಲ್ಲಿ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ ಮತ್ತು ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ ಒಂದೇ ಪ್ರದೇಶದಲ್ಲಿವೆ, ಎಚ್‌ಐವಿಯ ಚಿಕಿತ್ಸಾ ಕೇಂದ್ರವೂ ಆ ಕಾಲೇಜಿನಲ್ಲಿದೆ. ಒಂದೇ ಪ್ರಯಾಣದಲ್ಲಿ ಎರಡೂ ಕೆಲಸ ಆಗುತ್ತದೆ. ದಾರಿಯಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಗುಳಿಗೆ ಬಿಟ್ಟದ್ದಕ್ಕೆ ಬೈಯಬೇಡಿ. ಹಳೆಯ ಗುಳಿಗೆಯನ್ನು ನೀವೇ ನುಂಗಿಸಲೂ ಹೋಗಬೇಡಿ. ಎಷ್ಟು ದಿನ ತಪ್ಪಿತೆಂದು ಕೇಂದ್ರದವರಿಗೆ ನಿಜ ಹೇಳಿದರೆ ಮತ್ತೆ ಹೇಗೆ ಆರಂಭಿಸಬೇಕೆಂದು ಅವರೇ ನೋಡುತ್ತಾರೆ. ಬಿಟ್ಟು ಬಂದವರಿಗೆ ಆ ಬಾಗಿಲು ಮುಚ್ಚಿರುವುದಿಲ್ಲ.

ಆ ಆಸ್ಪತ್ರೆಯಲ್ಲಿ ನಡೆದದ್ದು ನನ್ನನ್ನು ಬಹಳ ನೋಯಿಸಿತು. ನಾನು ಕೆಲಸ ಕಲಿತ ಒಂದು ಕಡೆಯಲ್ಲೂ ಇಂಥ ರೋಗಿಗಳ ಕಡತದ ಮೇಲೆ ಕೆಂಪು ಶಾಯಿಯ ಗುರುತು ಹಾಕುತ್ತಿದ್ದರು. ದಾರಿಯಲ್ಲಿ ಹೋಗುವ ಸಫಾಯಿಯವನಿಗೂ ಅದರ ಅರ್ಥ ಗೊತ್ತಿತ್ತು. ಅಂದು ನಾನು ಬಾಯಿ ತೆರೆಯಲಿಲ್ಲ, ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ಈಗ 2017ರ ಕಾಯ್ದೆಯಂತೆ ರೋಗಿಯ ಒಪ್ಪಿಗೆಯಿಲ್ಲದೆ ಅವರ ಎಚ್‌ಐವಿ ಸ್ಥಿತಿಯನ್ನು ಹೊರಗೆಡಹುವುದೂ, ಆ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವುದೂ ಕಾನೂನುಬಾಹಿರ. ಇಂಥ ದೂರುಗಳನ್ನು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಹೇಗೆಂಬುದನ್ನು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ರಲ್ಲಿ ಉಚಿತವಾಗಿ ಕೇಳಬಹುದು. ಆದರೆ ದೂರು ಕೊಡಬೇಕೋ ಬೇಡವೋ ಎಂದು ಹೇಳುವವರು ಅಕ್ಕ. ನಡೆದದ್ದನ್ನು ತಾರೀಖು, ಹೊತ್ತು ಸಹಿತ ಈಗಲೇ ಬರೆದಿಡಿ, ಅವರು ಚೇತರಿಸಿಕೊಂಡ ಮೇಲೆ ಮುಂದಿಡಿ. ಈಗ ಅವರಿಗೆ ಬೇಕಾದದ್ದು ನಿದ್ದೆ, ಗಂಜಿ, ಪಕ್ಕದಲ್ಲಿ ನೀವು. ಕೇಂದ್ರದಲ್ಲಿ ಕೊಡುವ ಮುಂದಿನ ತಾರೀಖನ್ನು ನಿಮ್ಮ ಫೋನಿನಲ್ಲೂ ಗುರುತು ಹಾಕಿಕೊಳ್ಳಿ. ಮೊದಲ ಕೆಲವು ಬಾರಿಯಾದರೂ ಅವರೊಬ್ಬರೇ ಆ ಬಸ್ಸು ಹತ್ತದಿರಲಿ.